ವರ್ಣತಂತುಗಳ ಅಸಹಜತೆ ಮತ್ತು ಉತ್ಪರಿವರ್ತನೆ: ಅರ್ಜಿದಾರರ ಮಾಹಿತಿಗಾಗಿ

ವಿಕಲತೆಯ ಪ್ರಮಾಣಪತ್ರ, ವಿಶಿಷ್ಟ ಗುರುತಿನ ಚೀಟಿ, ಮಾಸಿಕ ವೇತನ, ಆರೋಗ್ಯ ವಿಮೆ ಮುಂತಾದ ಸೌಲಭ್ಯಗಳಿಗಾಗಿ ಅರ್ಜಿ ಸಲ್ಲಿಸುವ ಪೋಷಕರು ತಮ್ಮ ಮಗುವಿನ ವೈದ್ಯಕೀಯ ವರದಿಯನ್ನು ಓದುವಾಗ ಎರಡು ಪದಗಳು ಅವರನ್ನು ಗೊಂದಲಕ್ಕೀಡುಮಾಡುತ್ತವೆ. ಒಂದು ವರದಿಯಲ್ಲಿ ‘ವರ್ಣತಂತುಗಳ ಅಸಹಜತೆ’ ಎಂದಿರುತ್ತದೆ. ಇನ್ನೊಂದರಲ್ಲಿ ‘ಮ್ಯುಟೇಷನ್’ ಅಥವಾ ‘ಉತ್ಪರಿವರ್ತನೆ’ ಎಂದಿರುತ್ತದೆ. ಎರಡೂ ಒಂದೆಯೇ, ನಮೂನೆಯಲ್ಲಿ ‘ಆನುವಂಶಿಕ ಕಾಯಿಲೆ ಇದೆಯೇ’ ಎಂದು ಕೇಳಿದಲ್ಲಿ ಏನೆಂದು ಬರೆಯಬೇಕು, ಮುಂದಿನ ಮಗುವಿಗೂ ಇದು ಬರುವುದೇ ಎಂಬ ಪ್ರಶ್ನೆಗಳಿಗೆ ಕೋಲಾರ ತಾಲ್ಲೂಕಿನ ವೇಮಗಲ್ ಹೋಬಳಿಯ ಹಾಗೂ ಸುತ್ತಮುತ್ತಲಿನ ಗ್ರಾಮಗಳ ಅರ್ಜಿದಾರರಿಗೆ ಅನುಕೂಲವಾಗುವಂತೆ ಈ ಪುಟದಲ್ಲಿ ವಿವರಣೆ ನೀಡಲಾಗಿದೆ.

ಸಂಕ್ಷಿಪ್ತವಾಗಿ ಹೇಳುವುದಾದರೆ: ವಿಶಾಲ ಅರ್ಥದಲ್ಲಿ ವರ್ಣತಂತುಗಳ ಅಸಹಜತೆಯೂ ಉತ್ಪರಿವರ್ತನೆಯೇ ಆಗಿರುತ್ತದೆ. ಆದರೆ ಆಸ್ಪತ್ರೆಗಳಲ್ಲಿಯೂ ಪ್ರಯೋಗಶಾಲೆಗಳ ವರದಿಗಳಲ್ಲಿಯೂ ‘ಮ್ಯುಟೇಷನ್’ ಎಂಬ ಪದವನ್ನು ಒಂದು ನಿರ್ದಿಷ್ಟ ವಂಶವಾಹಿಯಲ್ಲಿ ಆದ ಬದಲಾವಣೆಗೆ ಮಾತ್ರ ಬಳಸುವುದು ರೂಢಿ. ಈ ರೂಢಿಯ ಪ್ರಕಾರ ಡೌನ್ ಸಿಂಡ್ರೋಮ್ ಮ್ಯುಟೇಷನ್ ಅಲ್ಲ, ವರ್ಣತಂತುಗಳ ಸಂಖ್ಯೆಯ ದೋಷ. ಸರ್ಕಾರದ ಸೌಲಭ್ಯ ಪಡೆಯುವಲ್ಲಿ ಈ ವ್ಯತ್ಯಾಸದಿಂದ ಬಾಧಕವಿಲ್ಲ. ಕುಟುಂಬದ ಮಟ್ಟಿಗೆ ಮಾತ್ರ ಇದರಿಂದ ಬಹಳ ವ್ಯತ್ಯಾಸವಾಗುತ್ತದೆ. ಅದನ್ನು ಮುಂದೆ ವಿವರಿಸಲಾಗಿದೆ.

ಪದಗಳ ಅರ್ಥ

‘ಮ್ಯುಟೇಷನ್’ ಎಂಬ ಪದ ನಮ್ಮ ರೈತರಿಗೆ ಹೊಸದಲ್ಲ. ಕಂದಾಯ ಇಲಾಖೆಯಲ್ಲಿ ಜಮೀನಿನ ಹಕ್ಕು ಬದಲಾವಣೆಗೆ ಇದೇ ಹೆಸರು, ಎಂ.ಆರ್. ಸಂಖ್ಯೆ ಎಂದು ಪಹಣಿಯಲ್ಲಿ ನಮೂದಾಗುವುದು ಇದೇ. ಎರಡೂ ಕಡೆ ಪದದ ಮೂಲಾರ್ಥ ‘ಬದಲಾವಣೆ’ ಎಂದೇ ಆಗಿರುವುದರಿಂದ ಅದೇ ಹೋಲಿಕೆಯನ್ನು ಇಲ್ಲಿ ಮುಂದುವರಿಸಬಹುದು.

ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ 46 ಸಂಪುಟಗಳಿವೆ ಎಂದು ಭಾವಿಸಿರಿ. ಇವು 23 ಜೋಡಿಗಳು. ಪ್ರತಿ ಜೋಡಿಯಲ್ಲಿ ಒಂದು ಸಂಪುಟ ತಾಯಿಯಿಂದ ಬಂದುದು, ಇನ್ನೊಂದು ತಂದೆಯಿಂದ ಬಂದುದು. ಮನುಷ್ಯನ ಪ್ರತಿ ಜೀವಕೋಶದಲ್ಲಿರುವ 46 ವರ್ಣತಂತುಗಳೇ ಈ ಸಂಪುಟಗಳು. ಒಂದೊಂದು ಸಂಪುಟದಲ್ಲಿ ನೂರಾರು, ಕೆಲವುಗಳಲ್ಲಿ ಸಾವಿರಾರು ನಮೂದುಗಳಿರುತ್ತವೆ, ಇವು ವಂಶವಾಹಿಗಳು. ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ವಂಶವಾಹಿಗಳು ಸುಮಾರು 20,000. ನಮೂದುಗಳನ್ನು ಬರೆದಿರುವ ಅಕ್ಷರಗಳು ಡಿ.ಎನ್.ಎ.ಯ ಘಟಕಗಳಾಗಿದ್ದು, ಒಂದು ಸೆಟ್ಟಿನಲ್ಲಿ ಅವುಗಳ ಸಂಖ್ಯೆ ಸುಮಾರು 300 ಕೋಟಿ.

ಒಂದು ನಮೂದಿನಲ್ಲಿ ಒಂದು ಅಕ್ಷರ ತಪ್ಪಾಗಿ ನಕಲಾದಲ್ಲಿ ಅದು ವಂಶವಾಹಿಯ ಉತ್ಪರಿವರ್ತನೆ. ಕುಡಗೋಲು ಕಣ ರಕ್ತಹೀನತೆ ಇಂತಹ ಒಂದೇ ಅಕ್ಷರದ ಬದಲಾವಣೆಯಿಂದ ಬರುತ್ತದೆ. ಬೀಟಾ ಥಲಸ್ಸೇಮಿಯಾ ಒಂದೇ ವಂಶವಾಹಿಯ ನೂರಾರು ಬಗೆಯ ಬದಲಾವಣೆಗಳಲ್ಲಿ ಯಾವುದರಿಂದಲಾದರೂ ಉಂಟಾಗಬಹುದು. ಇಡೀ ಒಂದು ಸಂಪುಟವೇ ಹೆಚ್ಚಾಗಿ ಸೇರಿದಲ್ಲಿ, ಕಾಣೆಯಾದಲ್ಲಿ, ಅಥವಾ ಒಂದು ಸಂಪುಟದ ಹಾಳೆಗಳು ಕಿತ್ತು ಇನ್ನೊಂದಕ್ಕೆ ಹೊಲಿಯಲ್ಪಟ್ಟಲ್ಲಿ ಅದು ವರ್ಣತಂತುಗಳ ಅಸಹಜತೆ. ಡೌನ್ ಸಿಂಡ್ರೋಮ್ ಇರುವ ಮಗುವಿನಲ್ಲಿ 21ನೆಯ ಸಂಪುಟದ ಎರಡು ಪ್ರತಿಗಳಿಗೆ ಬದಲಾಗಿ ಮೂರು ಪ್ರತಿಗಳಿರುತ್ತವೆ. ಗಮನಿಸಬೇಕಾದ ಅಂಶವೆಂದರೆ, ಆ ಮೂರನೆಯ ಪ್ರತಿಯಲ್ಲಿ ಬರಹದ ತಪ್ಪು ಒಂದೂ ಇರಬೇಕಾಗಿಲ್ಲ. ಎಲ್ಲ ನಮೂದುಗಳೂ ಸರಿಯಾಗಿಯೇ ಇದ್ದು, ಪ್ರತಿಗಳ ಸಂಖ್ಯೆ ಮಾತ್ರ ಹೆಚ್ಚಾಗಿರುತ್ತದೆ. ಆ ಕಾರಣದಿಂದಲೇ ಹಲವು ವೈದ್ಯರು ಇದನ್ನು ಮ್ಯುಟೇಷನ್ ಎಂದು ಕರೆಯಲು ಒಪ್ಪುವುದಿಲ್ಲ.

ಆದರೆ ಪದದ ಇತಿಹಾಸ ಬೇರೆಯೇ ಮಾತನ್ನು ಹೇಳುತ್ತದೆ. ಈ ಪದವನ್ನು ಜೀವಶಾಸ್ತ್ರದಲ್ಲಿ ಪ್ರಚುರಪಡಿಸಿದವರು ಹಾಲೆಂಡಿನ ಸಸ್ಯವಿಜ್ಞಾನಿ ಹ್ಯೂಗೋ ಡಿ ವ್ರೀಸ್. ಅವರ ಉತ್ಪರಿವರ್ತನಾ ಸಿದ್ಧಾಂತದ ಗ್ರಂಥವು 1901ರಿಂದ 1903ರ ಅವಧಿಯಲ್ಲಿ ಪ್ರಕಟವಾಯಿತು. ಸಂಜೆ ಅರಳುವ ಒಂದು ಜಾತಿಯ ಹೂಗಿಡದಲ್ಲಿ ಅವರು ಕಂಡ ದಿಢೀರ್ ಬದಲಾವಣೆಗಳೇ ಆ ಸಿದ್ಧಾಂತಕ್ಕೆ ಆಧಾರ. ನಂತರದ ವರ್ಷಗಳಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವುಗಳಲ್ಲಿ ಹಲವು ವರ್ಣತಂತುಗಳ ಬದಲಾವಣೆಗಳೆಂದು ತಿಳಿದುಬಂತು: ದೈತ್ಯಗಾತ್ರದ ಒಂದು ಗಿಡದಲ್ಲಿ 14ರ ಬದಲು 28 ವರ್ಣತಂತುಗಳಿದ್ದವು, ಇನ್ನೊಂದರಲ್ಲಿ 15. ಹೀಗೆ, ಮ್ಯುಟೇಷನ್ ಎಂಬ ಹೆಸರು ಮೊದಲು ಅಂಟಿಕೊಂಡದ್ದೇ ಇಂದು ನಾವು ವರ್ಣತಂತುಗಳ ಅಸಹಜತೆ ಎನ್ನುವುದಕ್ಕೆ. ವಂಶವಾಹಿಯೊಳಗಿನ ಅಕ್ಷರಗಳನ್ನು ಓದುವ ವಿದ್ಯೆ ಬಂದ ಮೇಲೆ ಪದದ ಬಳಕೆ ಕಿರಿದಾಯಿತು. ಪಠ್ಯಪುಸ್ತಕಗಳು ಈಗಲೂ ‘ವಂಶವಾಹಿಯ ಉತ್ಪರಿವರ್ತನೆ’ ಮತ್ತು ‘ವರ್ಣತಂತುವಿನ ಉತ್ಪರಿವರ್ತನೆ’ ಎಂದು ಎರಡು ವಿಧಗಳನ್ನು ಹೇಳುವುದು ಹಳೆಯ ವಿಶಾಲ ಅರ್ಥವನ್ನು ಅನುಸರಿಸಿ.

ವರ್ಣತಂತುಗಳ ಸಂಖ್ಯೆ ಹೆಚ್ಚಾಗುವುದು ಸೃಷ್ಟಿಯಲ್ಲಿ ಅಪರೂಪವೂ ಅಲ್ಲ. ನಾವು ತಿನ್ನುವ ಪಚ್ಚಬಾಳೆಯಲ್ಲಿ ವರ್ಣತಂತುಗಳ ಮೂರು ಸೆಟ್ಟುಗಳಿವೆ; ಅದರಲ್ಲಿ ಬೀಜ ಕಟ್ಟದಿರಲು ಇದು ಒಂದು ಮುಖ್ಯ ಕಾರಣ. ಏಲಕ್ಕಿ ಬಾಳೆಯಲ್ಲಿ ಎರಡೇ ಸೆಟ್ಟುಗಳು.

ಎರಡರ ನಡುವಿನ ಗಡಿ

ಇವೆರಡರ ನಡುವೆ ಪ್ರಕೃತಿ ಹಾಕಿದ ಬೇಲಿಯಿಲ್ಲ. ಗಡಿಯನ್ನು ಎಳೆದದ್ದು ನಮ್ಮ ಉಪಕರಣಗಳು. ಮನುಷ್ಯನಲ್ಲಿ 46 ವರ್ಣತಂತುಗಳಿವೆ ಎಂದು ಖಚಿತವಾದದ್ದೇ 1956ರಲ್ಲಿ. 1866ರಲ್ಲಿ ಜಾನ್ ಲ್ಯಾಂಗ್ಡನ್ ಡೌನ್ ವಿವರಿಸಿದ್ದ ಲಕ್ಷಣಗಳಿಗೆ ಒಂದು ಹೆಚ್ಚುವರಿ ವರ್ಣತಂತು ಕಾರಣವೆಂದು ಫ್ರಾನ್ಸಿನ ವಿಜ್ಞಾನಿಗಳು ತೋರಿಸಿದ್ದು 1959ರಲ್ಲಿ. ಸೂಕ್ಷ್ಮದರ್ಶಕದಲ್ಲಿ ಕಾಣುವುದನ್ನು ವರ್ಣತಂತುಗಳ ಅಸಹಜತೆಯೆಂದೂ ಕಾಣದಷ್ಟು ಚಿಕ್ಕದನ್ನು ಮ್ಯುಟೇಷನ್ ಎಂದೂ ಕರೆಯುವ ಅಭ್ಯಾಸ ಆ ಕಾಲದಲ್ಲಿ ನೆಲೆಯೂರಿತು. ಸಾಮಾನ್ಯ ವರ್ಣತಂತು ಪರೀಕ್ಷೆಯಲ್ಲಿ, ಅಂದರೆ ಕ್ಯಾರಿಯೋಟೈಪ್‌ನಲ್ಲಿ, ಸುಮಾರು 50 ಲಕ್ಷದಿಂದ 1 ಕೋಟಿ ಅಕ್ಷರಗಳಿಗಿಂತ ಚಿಕ್ಕದಾದ ಲೋಪ ಕಾಣಸಿಗುವುದಿಲ್ಲ.

ಆದ್ದರಿಂದ ಅರ್ಜಿದಾರರು ಒಂದು ವಿಷಯವನ್ನು ವಿಶೇಷವಾಗಿ ಗಮನಿಸತಕ್ಕದ್ದು: ಕ್ಯಾರಿಯೋಟೈಪ್ ವರದಿ ‘ಸಹಜ’ ಎಂದು ಬಂದ ಮಾತ್ರಕ್ಕೆ ಮಗುವಿಗೆ ಆನುವಂಶಿಕ ದೋಷವಿಲ್ಲ ಎಂದು ಅರ್ಥವಲ್ಲ. ಡುಶೆನ್ ಸ್ನಾಯುಕ್ಷಯ ರೋಗದಲ್ಲಿ ಬಹುಪಾಲು ರೋಗಿಗಳಲ್ಲಿ ವಂಶವಾಹಿಯ ಒಂದೆರಡು ತುಂಡುಗಳೇ ಕಾಣೆಯಾಗಿರುತ್ತವೆ. ಆದರೂ ಕ್ಯಾರಿಯೋಟೈಪ್‌ನಲ್ಲಿ ಏನೂ ತೋರುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕಾಗುತ್ತದೆ. ಅದೇ ರೀತಿ ಒಂದು ವಂಶವಾಹಿಯ ಪರೀಕ್ಷೆ ‘ಮ್ಯುಟೇಷನ್ ಕಂಡುಬಂದಿಲ್ಲ’ ಎಂದು ಹೇಳಿದರೆ ವರ್ಣತಂತುಗಳ ದೋಷವೂ ಇಲ್ಲವೆಂದು ತಿಳಿಯಲಾಗದು. 22ನೆಯ ವರ್ಣತಂತುವಿನ ಸಣ್ಣ ತುಣುಕಿನ ಲೋಪದಿಂದ ಬರುವ ಡಿಜಾರ್ಜ್ ಸಿಂಡ್ರೋಮ್‌ನಂತಹವು ಈ ಗಡಿಯ ಮೇಲೆಯೇ ಇರುವಂಥವು. ಅವುಗಳನ್ನು ಎರಡು ಹೆಸರಿನಿಂದಲೂ ಕರೆಯುತ್ತಾರೆ.

ವರದಿಯನ್ನು ಓದುವ ಬಗೆ

ವರ್ಣತಂತು ಪರೀಕ್ಷೆಗೆ ಮಗುವಿನ ರಕ್ತವನ್ನು ಹೆಪ್ಪುಗಟ್ಟದಂತೆ ಹೆಪಾರಿನ್ ಇರುವ ನಳಿಕೆಯಲ್ಲಿ ತೆಗೆದುಕೊಳ್ಳಲಾಗುತ್ತದೆ. ಬಿಳಿ ರಕ್ತಕಣಗಳನ್ನು ಸುಮಾರು ಮೂರು ದಿನಗಳ ಕಾಲ ಬೆಳೆಸಿ, ವಿಭಜನೆಯ ನಡುವೆ ಅವುಗಳನ್ನು ತಡೆದು, ಬಣ್ಣ ಹಾಕಿ, ವರ್ಣತಂತುಗಳನ್ನು ಜೋಡಿಸಿ ನೋಡುವುದರಿಂದ ವರದಿ ಬರಲು ಕೆಲವು ವಾರಗಳಾಗಬಹುದು. ಜೀವಂತ ಕಣಗಳೇ ಬೇಕಾದ ಕಾರಣ ರಕ್ತದ ಮಾದರಿಯನ್ನು ದಿನಗಟ್ಟಲೆ ಇಟ್ಟುಕೊಂಡು ಕಳುಹಿಸಲಾಗುವುದಿಲ್ಲ. ಕೋಲಾರ ಜಿಲ್ಲೆಯವರಿಗೆ ಟಮಕದಲ್ಲಿರುವ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಸಂಸ್ಥೆಯಲ್ಲಿ ಕೋಶ ಜೀವಶಾಸ್ತ್ರ ಮತ್ತು ಅಣು ತಳಿಶಾಸ್ತ್ರದ ವಿಭಾಗವಿದೆ. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರ ಹಾಗೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇವೆ. ರಕ್ತ ಕೊಡಲು ಹೊರಡುವ ಮೊದಲು ಯಾವ ಪರೀಕ್ಷೆ, ಯಾವ ದಿನ ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳುವುದು ಒಳಿತು.

ವರದಿಯ ಕೊನೆಯಲ್ಲಿ ಒಂದು ಸಾಲಿನ ಸಂಕೇತವಿರುತ್ತದೆ. ‘47, ಎಕ್ಸ್‌ವೈ, +21’ ಎಂದಿದ್ದರೆ ಒಟ್ಟು 47 ವರ್ಣತಂತುಗಳು, ಗಂಡು ಮಗು, 21ನೆಯದು ಒಂದು ಹೆಚ್ಚು ಎಂದರ್ಥ. ಡೌನ್ ಸಿಂಡ್ರೋಮ್ ಇರುವವರಲ್ಲಿ ಶೇ. 95ರಷ್ಟು ಮಂದಿಯ ವರದಿ ಈ ಮಾದರಿಯದು. ಶೇ. 3ರಿಂದ 4ರಷ್ಟು ಮಂದಿಯಲ್ಲಿ ಒಟ್ಟು ಸಂಖ್ಯೆ 46 ಎಂದೇ ಇದ್ದು, ಹೆಚ್ಚುವರಿ 21ನೆಯ ವರ್ಣತಂತು 14ನೆಯದಕ್ಕೋ ಇನ್ನೊಂದಕ್ಕೋ ಅಂಟಿಕೊಂಡಿರುತ್ತದೆ; ಇದನ್ನು ಸ್ಥಾನಾಂತರ ಎನ್ನುತ್ತಾರೆ. ಉಳಿದ ಶೇ. 1ರಿಂದ 2ರಷ್ಟು ಮಂದಿಯಲ್ಲಿ ಕೆಲವು ಜೀವಕೋಶಗಳು ಸಹಜವಾಗಿದ್ದು, ಕೆಲವು ಮಾತ್ರ ಹೆಚ್ಚುವರಿ ಪ್ರತಿಯನ್ನು ಹೊಂದಿರುತ್ತವೆ. ‘45, ಎಕ್ಸ್’ ಎಂದರೆ ಹೆಣ್ಣುಮಕ್ಕಳಲ್ಲಿ ಕಂಡುಬರುವ ಟರ್ನರ್ ಸಿಂಡ್ರೋಮ್. ‘47, ಎಕ್ಸ್‌ಎಕ್ಸ್‌ವೈ’ ಎಂದರೆ ಗಂಡಸರಲ್ಲಿ ಕಂಡುಬರುವ ಕ್ಲೈನ್‌ಫೆಲ್ಟರ್ ಸಿಂಡ್ರೋಮ್.

ಮುಖ ನೋಡಿಯೇ ವೈದ್ಯರು ಡೌನ್ ಸಿಂಡ್ರೋಮ್ ಎಂದು ಹೇಳಿದ ಮೇಲೆ ರಕ್ತ ಪರೀಕ್ಷೆ ಏಕೆ ಎಂದು ಹಲವು ಪೋಷಕರು ಕೇಳುವುದುಂಟು. ಮಗುವಿನ ಆರೈಕೆಗೆ ಅದು ಅಷ್ಟಾಗಿ ಬೇಕಿಲ್ಲದಿರಬಹುದು. ಮುಂದಿನ ಮಗುವಿನ ವಿಷಯದಲ್ಲಿ ಬೇಕು. ವರದಿ ‘47, +21’ ಎಂದಿದ್ದರೆ ಮುಂದಿನ ಗರ್ಭದಲ್ಲಿ ಮತ್ತೆ ಹೀಗಾಗುವ ಸಾಧ್ಯತೆ ಸುಮಾರು ಶೇ. 1, ಅಥವಾ ತಾಯಿಯ ವಯಸ್ಸಿಗೆ ಅನುಗುಣವಾಗಿ ಅದಕ್ಕಿಂತ ಸ್ವಲ್ಪ ಹೆಚ್ಚು. ತಂದೆತಾಯಿಯ ರಕ್ತ ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಸ್ಥಾನಾಂತರ ಎಂದಿದ್ದರೆ ಇಬ್ಬರ ಪರೀಕ್ಷೆಯನ್ನೂ ಮಾಡಿಸತಕ್ಕದ್ದು. ಏಕೆಂದರೆ ಅವರಲ್ಲೊಬ್ಬರು ಸಂಪೂರ್ಣ ಆರೋಗ್ಯವಂತರಾಗಿದ್ದೂ ಅಂಟಿಕೊಂಡ ವರ್ಣತಂತುವಿನ ವಾಹಕರಾಗಿರಬಹುದು. 14 ಮತ್ತು 21ರ ಸ್ಥಾನಾಂತರದ ವಾಹಕರು ತಾಯಿಯಾಗಿದ್ದಲ್ಲಿ ಮರುಕಳಿಸುವ ಸಾಧ್ಯತೆ ಶೇ. 10ರಿಂದ 15, ತಂದೆಯಾಗಿದ್ದಲ್ಲಿ ಬಹಳ ಕಡಿಮೆ. 21ನೆಯ ಎರಡೂ ವರ್ಣತಂತುಗಳು ಒಂದಕ್ಕೊಂದು ಅಂಟಿಕೊಂಡಿರುವ ವಾಹಕರಿಗೆ ಹುಟ್ಟಿ ಬದುಕುವ ಎಲ್ಲ ಮಕ್ಕಳಲ್ಲಿಯೂ ಡೌನ್ ಸಿಂಡ್ರೋಮ್ ಇರುತ್ತದೆ. ಇದು ಅತಿ ವಿರಳ. ಸ್ಥಾನಾಂತರದ ವಾಹಕರ ಅಣ್ಣತಮ್ಮಂದಿರು, ಅಕ್ಕತಂಗಿಯರೂ ಪರೀಕ್ಷಿಸಿಕೊಳ್ಳುವುದು ಸೂಕ್ತ.

ಆನುವಂಶಿಕ ಮತ್ತು ವಂಶಪಾರಂಪರ್ಯ

ನಮ್ಮ ಭಾಷೆಯಲ್ಲಿ ಗೊಂದಲದ ಮೂಲ ಇಲ್ಲಿದೆ. ವರ್ಣತಂತುಗಳಿಗೆ ಅಥವಾ ವಂಶವಾಹಿಗಳಿಗೆ ಸಂಬಂಧಿಸಿದ್ದು ಎಂಬ ಅರ್ಥದಲ್ಲಿ ವೈದ್ಯರು ‘ಆನುವಂಶಿಕ’ ಎನ್ನುತ್ತಾರೆ. ಕೇಳುವವರಿಗೆ ಅದು ‘ವಂಶದಿಂದ ಬಂದದ್ದು’ ಎಂದು ಕೇಳಿಸುತ್ತದೆ. ಮನೆಗೆ ಹಿಂದಿರುಗುವಷ್ಟರಲ್ಲಿ ಅದು ‘ಯಾರ ಕಡೆಯಿಂದ ಬಂದದ್ದು’ ಎಂಬ ಪ್ರಶ್ನೆಯಾಗಿ, ಸೊಸೆಯ ತವರುಮನೆಯ ಮೇಲೆ ಬೀಳುತ್ತದೆ. ಆನುವಂಶಿಕ ಎಂಬುದೂ ವಂಶಪಾರಂಪರ್ಯ ಎಂಬುದೂ ಒಂದೇ ಅಲ್ಲ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ, ಮೂಳೆ ಮತ್ತು ಕೀಲುಗಳನ್ನು ಬಾಧಿಸುವ ಹಂದಿಗೋಡು ಕಾಯಿಲೆ ಆನುವಂಶಿಕವೂ ಹೌದು, ವಂಶಪಾರಂಪರ್ಯವೂ ಹೌದು. ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ತಲೆಮಾರಿನಿಂದ ತಲೆಮಾರಿಗೆ ಅದು ಬರುತ್ತಿದೆ. ಡೌನ್ ಸಿಂಡ್ರೋಮ್‌ನ ಹೆಚ್ಚಿನ ಪ್ರಕರಣಗಳು ಆನುವಂಶಿಕ ವಸ್ತುವಿನಲ್ಲಿ ಆದ ದೋಷಗಳೇ ಆಗಿದ್ದರೂ ವಂಶಪಾರಂಪರ್ಯವಲ್ಲ. ತಂದೆಯಲ್ಲಿಯೂ ಇಲ್ಲದ, ತಾಯಿಯಲ್ಲಿಯೂ ಇಲ್ಲದ, ಅಜ್ಜ ಅಜ್ಜಿಯರಲ್ಲಿಯೂ ಇಲ್ಲದ ಒಂದು ಆಕಸ್ಮಿಕ, ಅಂಡ ಅಥವಾ ವೀರ್ಯಾಣು ರೂಪುಗೊಳ್ಳುವಾಗ ನಡೆದಿರುತ್ತದೆ: ಬೇರೆಯಾಗಬೇಕಾಗಿದ್ದ ಎರಡು ವರ್ಣತಂತುಗಳು ಬೇರೆಯಾಗದೆ ಒಟ್ಟಿಗೆ ಸಾಗಿರುತ್ತವೆ.

ಈ ಆಕಸ್ಮಿಕ ಅಂಡದಲ್ಲಿ ಆಗುವುದು ಹೆಚ್ಚು ಎಂಬುದು ನಿಜ. ಹೆಣ್ಣುಮಗುವಿನ ಅಂಡಗಳ ವಿಭಜನೆ ಆಕೆ ತನ್ನ ತಾಯಿಯ ಗರ್ಭದಲ್ಲಿರುವಾಗಲೇ ಆರಂಭವಾಗಿ, ಅಲ್ಲಿಯೇ ನಿಂತು, ಹಲವು ದಶಕಗಳ ನಂತರ ಮುಂದುವರಿಯುತ್ತದೆ. ಆದ್ದರಿಂದ ವಯಸ್ಸಾದಂತೆ ಸಾಧ್ಯತೆ ಏರುತ್ತದೆ: 25ರ ವಯಸ್ಸಿನಲ್ಲಿ ಸುಮಾರು 1,250 ಹೆರಿಗೆಗಳಿಗೆ ಒಂದು, 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಆದರೆ ನಮ್ಮಲ್ಲಿ ಹೆರಿಗೆಗಳ ಬಹುಪಾಲು ಚಿಕ್ಕ ವಯಸ್ಸಿನ ತಾಯಂದಿರದ್ದೇ ಆಗಿರುವುದರಿಂದ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿಯೂ ಹೆಚ್ಚಿನವರು ಹುಟ್ಟುವುದು 35 ದಾಟದ ತಾಯಂದಿರಿಗೆ. ಗ್ರಹಣದ ಸಮಯದಲ್ಲಿ ಹೊರಗೆ ಬಂದದ್ದು, ಪಪ್ಪಾಯಿ ತಿಂದದ್ದು, ತೋಟದಲ್ಲಿ ಭಾರ ಹೊತ್ತದ್ದು ಇವು ಯಾವುವೂ ಇದಕ್ಕೆ ಕಾರಣವಲ್ಲ. ಗರ್ಭ ನಿಲ್ಲುವ ವೇಳೆಗೇ ಎಣಿಕೆ ತಪ್ಪಿರುತ್ತದೆ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ವರ್ಣತಂತುಗಳ ಇಂತಹ ಅಸಹಜತೆಯೇ ಕಾರಣವಾಗಿರುತ್ತದೆ. ಅವುಗಳಿಗೂ ಗರ್ಭಿಣಿಯನ್ನು ಹೊಣೆ ಮಾಡುವುದು ಸರಿಯಲ್ಲ.

ಸೋದರಿಕೆಯ ಮದುವೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಅಕ್ಕನ ಮಗಳನ್ನು ಅಥವಾ ಸೋದರತ್ತೆಯ, ಸೋದರಮಾವನ ಮಕ್ಕಳನ್ನು ಮದುವೆಯಾಗುವ ಪದ್ಧತಿ ಹಿಂದಿನಿಂದಲೂ ಇದೆ. ರಾಜ್ಯದ ಇತರೆಡೆಯೂ ಇದು ಸಾಮಾನ್ಯ: 1980ರಿಂದ 1989ರವರೆಗೆ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ತಪಾಸಣೆಯ ಜೊತೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳ ಮಾಹಿತಿ ಸಂಗ್ರಹಿಸಿದಾಗ ಸುಮಾರು ಮೂರನೇ ಒಂದು ಭಾಗದ ಮದುವೆಗಳು ರಕ್ತಸಂಬಂಧದಲ್ಲಿ ಆಗಿದ್ದವು. ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟಿದಾಗ ‘ಒಳಸಂಬಂಧದಿಂದಲೇ ಹೀಗಾಯಿತು’ ಎಂದು ಊರಿನವರು ಮಾತ್ರವಲ್ಲದೆ ಓದಿದವರೂ ಹೇಳುವುದುಂಟು. ವಂಶವಾಹಿಯ ಉತ್ಪರಿವರ್ತನೆಗೂ ವರ್ಣತಂತುವಿನ ಅಸಹಜತೆಗೂ ಇರುವ ವ್ಯತ್ಯಾಸವನ್ನು ತಿಳಿಯಬೇಕಾದುದು ಮುಖ್ಯವಾಗಿ ಈ ಕಾರಣಕ್ಕೆ.

ಒಂದೇ ಅಜ್ಜ ಅಜ್ಜಿಯಿಂದ ಬಂದ ಇಬ್ಬರಲ್ಲಿ ಒಂದೇ ದೋಷಯುಕ್ತ ವಂಶವಾಹಿ ಗುಪ್ತವಾಗಿರುವ ಸಾಧ್ಯತೆ ಹೆಚ್ಚು. ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಮಗುವಿಗೆ ಎರಡೂ ಕಡೆಯಿಂದ ಅದೇ ದೋಷ ಬಂದಲ್ಲಿ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಥಲಸ್ಸೇಮಿಯಾ, ಕೆಲವು ಬಗೆಯ ಹುಟ್ಟು ಕಿವುಡುತನ, ಶರೀರದ ರಾಸಾಯನಿಕ ಕ್ರಿಯೆಗಳ ಹಲವು ದೋಷಗಳು ಈ ಗುಂಪಿನವು. ಯಾವುದೇ ದಂಪತಿಗೆ ಗಂಭೀರ ಜನ್ಮದೋಷವುಳ್ಳ ಮಗು ಹುಟ್ಟುವ ಸಾಧ್ಯತೆ ಶೇ. 2ರಿಂದ 3ರಷ್ಟಿದ್ದರೆ, ಸೋದರತ್ತೆ ಸೋದರಮಾವನ ಮಕ್ಕಳ ಮದುವೆಯಲ್ಲಿ ಅದು ಸುಮಾರು ಎರಡರಷ್ಟಾಗುತ್ತದೆ. ಅಕ್ಕನ ಮಗಳನ್ನು ಮದುವೆಯಾದಲ್ಲಿ ರಕ್ತಸಂಬಂಧ ಇನ್ನೂ ನಿಕಟವಾದುದು. ಮಗುವಿಗೆ ಒಂದೇ ಮೂಲದ ಎರಡು ಪ್ರತಿಗಳು ಬರುವ ಸಾಧ್ಯತೆ ಹದಿನಾರರಲ್ಲಿ ಒಂದರ ಬದಲು ಎಂಟರಲ್ಲಿ ಒಂದು.

ಹೆಚ್ಚುವರಿ 21ನೆಯ ವರ್ಣತಂತು ಹೀಗೆ ಗುಪ್ತವಾಗಿ ಹರಿದು ಬರುವಂಥದ್ದಲ್ಲ. ಅದು ಸಂಬಂಧದಲ್ಲಿ ಮದುವೆಯಾದವರಿಗೂ ಆಗಬಹುದು, ದೂರದ ಊರಿನಿಂದ ಹೆಣ್ಣು ತಂದವರಿಗೂ ಆಗಬಹುದು. ಸೋದರಿಕೆಯ ಮದುವೆಯಿಂದ ಅದು ಬಂತು ಎಂದು ದಂಪತಿಯನ್ನು ದೂಷಿಸಲು ಆಧಾರವಿಲ್ಲ. ಇದರರ್ಥ ಒಳಸಂಬಂಧದ ಮದುವೆಯಿಂದ ಅಪಾಯವಿಲ್ಲ ಎಂದಲ್ಲ. ಆ ಅಪಾಯ ಬೇರೆ ಕಾಯಿಲೆಗಳದ್ದು, ಮತ್ತು ನಿಜವಾದದ್ದು. ಸಂಬಂಧದಲ್ಲಿ ಮದುವೆಯಾದವರು ಗರ್ಭಧರಿಸುವ ಮೊದಲೇ ಥಲಸ್ಸೇಮಿಯಾ ವಾಹಕರೇ ಎಂಬ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ.

ಪ್ರಮಾಣಪತ್ರಕ್ಕೆ ಅರ್ಜಿ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016, ಜಾರಿಗೆ ಬಂದದ್ದು 19 ಏಪ್ರಿಲ್ 2017ರಂದು. ಅದರ ಅನುಸೂಚಿಯಲ್ಲಿ 21 ಬಗೆಯ ವಿಕಲತೆಗಳನ್ನು ಹೆಸರಿಸಲಾಗಿದೆ. ಥಲಸ್ಸೇಮಿಯಾ, ಹಿಮೊಫಿಲಿಯಾ, ಕುಡಗೋಲು ಕಣ ರೋಗ ಮತ್ತು ಸ್ನಾಯುಕ್ಷಯ ಅಲ್ಲಿ ಹೆಸರಿನಿಂದಲೇ ಇವೆ. ಡೌನ್ ಸಿಂಡ್ರೋಮ್ ಎಂಬ ಹೆಸರಿಲ್ಲ. ಇದನ್ನು ನೋಡಿ ತಮ್ಮ ಮಗುವಿಗೆ ಅರ್ಹತೆಯಿಲ್ಲವೆಂದು ಯಾರೂ ಹಿಂದೆ ಸರಿಯಬಾರದು. ಡೌನ್ ಸಿಂಡ್ರೋಮ್ ಇರುವ ಮಕ್ಕಳು ‘ಬೌದ್ಧಿಕ ವಿಕಲತೆ’ ಎಂಬ ವರ್ಗದಡಿ ಅರ್ಜಿ ಸಲ್ಲಿಸತಕ್ಕದ್ದು. ಟರ್ನರ್ ಸಿಂಡ್ರೋಮ್ ಇರುವ ಮಹಿಳೆಯ ವಯಸ್ಕ ಎತ್ತರ 147 ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ ‘ಕುಬ್ಜತೆ’ಯ ವರ್ಗದಡಿ ಪರಿಶೀಲಿಸಲು ಅವಕಾಶವಿದೆ, ಕಾಯ್ದೆಯು ಕುಬ್ಜತೆಯನ್ನು ವೈದ್ಯಕೀಯ ಅಥವಾ ಆನುವಂಶಿಕ ಸ್ಥಿತಿಯ ಪರಿಣಾಮವೆಂದು ವ್ಯಾಖ್ಯಾನಿಸಿದೆ. ಅಲ್ಲಿ ಅದು ಉತ್ಪರಿವರ್ತನೆಯೋ ವರ್ಣತಂತುವಿನ ಅಸಹಜತೆಯೋ ಎಂದು ಕೇಳುವುದಿಲ್ಲ.

ವಿಕಲತೆಯ ಶೇಕಡಾವಾರು ಪ್ರಮಾಣವನ್ನು ನಿರ್ಧರಿಸುವುದು ವರ್ಣತಂತು ವರದಿಯಲ್ಲ. ಬೌದ್ಧಿಕ ವಿಕಲತೆಯಲ್ಲಿ ಬುದ್ಧಿಮಟ್ಟ ಹಾಗೂ ದೈನಂದಿನ ಕೆಲಸಗಳನ್ನು ಮಗು ಎಷ್ಟರಮಟ್ಟಿಗೆ ತಾನೇ ಮಾಡಿಕೊಳ್ಳಬಲ್ಲದು ಎಂಬುದರ ಮೌಲ್ಯಮಾಪನ ನಡೆಯುತ್ತದೆ. ಆದ್ದರಿಂದ ಕ್ಯಾರಿಯೋಟೈಪ್ ವರದಿ ಇನ್ನೂ ಬಂದಿಲ್ಲವೆಂದು ಅರ್ಜಿಯನ್ನು ತಡಮಾಡುವುದು ಬೇಡ. ವರದಿ ಇದ್ದಲ್ಲಿ ಅದರ ಪ್ರತಿಯನ್ನು ಲಗತ್ತಿಸಿರಿ. ಎಳೆಯ ಮಕ್ಕಳಿಗೆ ಮೊದಲು ತಾತ್ಕಾಲಿಕ ಪ್ರಮಾಣಪತ್ರ ನೀಡಿ ನಂತರ ಮರುಪರಿಶೀಲಿಸುವ ಕ್ರಮವಿದ್ದು, ನವೀಕರಣದ ದಿನಾಂಕವನ್ನು ಪೋಷಕರು ಗಮನದಲ್ಲಿಟ್ಟುಕೊಳ್ಳತಕ್ಕದ್ದು.

ಪ್ರಮಾಣಪತ್ರ ಮತ್ತು ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿಯನ್ನು ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಆನ್‌ಲೈನ್ ಮೂಲಕ ಸಲ್ಲಿಸಬೇಕು. ಸ್ವತಃ ಮಾಡಲಾಗದವರು ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಅಥವಾ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ತಪಾಸಣೆಯ ದಿನ ಮಗುವನ್ನು ಖುದ್ದಾಗಿ ಕರೆತರಬೇಕಾಗುತ್ತದೆ. ಕೋಲಾರ ತಾಲ್ಲೂಕಿನವರಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ. ಶೇ. 40 ಮತ್ತು ಅದಕ್ಕಿಂತ ಹೆಚ್ಚು ವಿಕಲತೆ ಇದ್ದವರನ್ನು ಕಾಯ್ದೆಯು ಬಹುತೇಕ ಸೌಲಭ್ಯಗಳಿಗೆ ಅರ್ಹರೆಂದು ಪರಿಗಣಿಸುತ್ತದೆ. ಪ್ರಮಾಣಪತ್ರವು ದೇಶದಾದ್ಯಂತ ಮಾನ್ಯವಾಗಿರುತ್ತದೆ. ವೈದ್ಯಕೀಯ ಪ್ರಾಧಿಕಾರದ ತೀರ್ಮಾನ ಒಪ್ಪಿಗೆಯಾಗದಿದ್ದಲ್ಲಿ 90 ದಿನಗಳೊಳಗಾಗಿ ಮೇಲ್ಮನವಿ ಸಲ್ಲಿಸಬಹುದು. ಪ್ರಮಾಣಪತ್ರ ದೊರೆತ ಮೇಲೆ ಮಾಸಿಕ ವೇತನದ ಅರ್ಜಿಯನ್ನು ಹೋಬಳಿಯ ನಾಡಕಚೇರಿಯಲ್ಲಿ ಸಲ್ಲಿಸಲಾಗುತ್ತದೆ.

ರಾಷ್ಟ್ರೀಯ ನ್ಯಾಸ ಅಧಿನಿಯಮ 1999ರ ವ್ಯಾಪ್ತಿಗೆ ಬೌದ್ಧಿಕ ವಿಕಲತೆಯುಳ್ಳವರೂ ಸೇರುತ್ತಾರೆ. ಇದರಡಿ ‘ನಿರಾಮಯ’ ಆರೋಗ್ಯ ವಿಮಾ ಯೋಜನೆಯಲ್ಲಿ ರೂ. 1 ಲಕ್ಷದವರೆಗೆ ರಕ್ಷಣೆ ಇದೆ. ಮಗುವಿಗೆ 18 ವರ್ಷ ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. ಅಗತ್ಯವಿದ್ದಲ್ಲಿ ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಳೀಯ ಮಟ್ಟದ ಸಮಿತಿಯಿಂದ ನೇಮಕಾತಿ ಪಡೆಯಬೇಕು. ಈ ವಿಷಯವನ್ನು ತಡವಾಗಿ ತಿಳಿದು, ಬ್ಯಾಂಕ್ ಖಾತೆ ಮತ್ತು ಜಮೀನಿನ ವ್ಯವಹಾರದಲ್ಲಿ ತೊಂದರೆಗೊಳಗಾಗುವ ಕುಟುಂಬಗಳಿವೆ.

ನಮೂನೆಗಳಲ್ಲಿ ‘ಆನುವಂಶಿಕ ಕಾಯಿಲೆ ಇದೆಯೇ’ ಎಂಬ ಅಂಕಣವಿದ್ದಲ್ಲಿ ಹೌದು ಅಥವಾ ಇಲ್ಲ ಎಂದಷ್ಟೇ ಬರೆಯದೆ, ವರದಿಯಲ್ಲಿರುವ ರೋಗದ ಹೆಸರು ಮತ್ತು ಸಂಕೇತವನ್ನು ಹಾಗೆಯೇ ನಕಲು ಮಾಡುವುದು ಸೂಕ್ತ. ‘ಕುಟುಂಬದಲ್ಲಿ ಬೇರೆಯವರಿಗೆ ಇದೆಯೇ’ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಇಲ್ಲದಿದ್ದರೆ ಇಲ್ಲವೆಂದೇ ಬರೆಯಬಹುದು.

ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ 2021ರಡಿ ಪಟ್ಟಿಯಲ್ಲಿರುವ ರೋಗಗಳಿಗೆ ಗುರುತಿಸಲಾದ ಕೇಂದ್ರಗಳ ಮೂಲಕ ಚಿಕಿತ್ಸೆಯ ನೆರವು ದೊರೆಯುತ್ತದೆ. ನೆರವಿನ ಮಿತಿಯನ್ನು 2022ರಲ್ಲಿ ರೂ. 50 ಲಕ್ಷಕ್ಕೆ ಏರಿಸಲಾಯಿತು. ಕರ್ನಾಟಕದಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವು ಮಕ್ಕಳ ಆಸ್ಪತ್ರೆಯೊಡನೆ ಸೇರಿ ಇಂತಹ ಉತ್ಕೃಷ್ಟತಾ ಕೇಂದ್ರವಾಗಿ ಗುರುತಿಸಲ್ಪಟ್ಟಿದೆ. ಪಟ್ಟಿಯಲ್ಲಿರುವವು ಬಹುತೇಕ ಒಂದೇ ವಂಶವಾಹಿಯ ಉತ್ಪರಿವರ್ತನೆಯಿಂದ ಬರುವಂಥವು. ಆದರೆ ವರ್ಣತಂತುವಿನ ದೋಷವಾದ ಟರ್ನರ್ ಸಿಂಡ್ರೋಮ್ ಕೂಡ, ಬೆಳವಣಿಗೆಯ ಹಾರ್ಮೋನ್ ಚಿಕಿತ್ಸೆಯ ಸಲುವಾಗಿ, ಅದೇ ಪಟ್ಟಿಯಲ್ಲಿದೆ.

ಗರ್ಭದಲ್ಲಿನ ಪರೀಕ್ಷೆ

ಗರ್ಭಧಾರಣಪೂರ್ವ ಮತ್ತು ಪ್ರಸವಪೂರ್ವ ಪತ್ತೆ ತಂತ್ರಗಳ ಕಾಯ್ದೆ 1994, ಪ್ರಸವಪೂರ್ವ ಪರೀಕ್ಷೆಗಳನ್ನು ಯಾವ ಉದ್ದೇಶಕ್ಕೆ ಮಾಡಬಹುದೆಂದು ಪಟ್ಟಿ ಮಾಡುತ್ತದೆ. ಅದರಲ್ಲಿ ಮೊದಲನೆಯದೇ ವರ್ಣತಂತುಗಳ ಅಸಹಜತೆ. ಆನುವಂಶಿಕ ಚಯಾಪಚಯ ರೋಗಗಳು, ಹಿಮೋಗ್ಲೋಬಿನ್ ದೋಷಗಳು, ಲಿಂಗಸಂಬಂಧಿ ಆನುವಂಶಿಕ ರೋಗಗಳು, ಜನ್ಮಜಾತ ವೈಕಲ್ಯಗಳು ಪ್ರತ್ಯೇಕ ನಮೂದುಗಳು. ಹೀಗೆ ಶಾಸನವು ವರ್ಣತಂತುಗಳ ದೋಷವನ್ನೂ ವಂಶವಾಹಿ ದೋಷವನ್ನೂ ಬೇರೆ ಬೇರೆ ಎಣಿಸಿದ್ದರೂ ಎರಡಕ್ಕೂ ಒಂದೇ ರಕ್ಷಣೆ, ಒಂದೇ ನಿರ್ಬಂಧ. ತಾಯಿಗೆ 35 ವರ್ಷ ಮೀರಿರುವುದು, ಎರಡು ಅಥವಾ ಹೆಚ್ಚು ಬಾರಿ ಗರ್ಭಪಾತವಾಗಿರುವುದು, ಹಾನಿಕರ ಔಷಧಿ, ವಿಕಿರಣ ಅಥವಾ ಸೋಂಕಿಗೆ ಒಳಗಾಗಿರುವುದು, ಕುಟುಂಬದಲ್ಲಿ ಬುದ್ಧಿಮಾಂದ್ಯತೆ ಅಥವಾ ಆನುವಂಶಿಕ ರೋಗವಿರುವುದು ಇವುಗಳಲ್ಲಿ ಯಾವುದಾದರೊಂದು ಇರಬೇಕು. ಗರ್ಭಿಣಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ, ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಆಕೆಗೆ ನೀಡಬೇಕು.

ತಾಯಿಯ ರಕ್ತದಿಂದ ಮಾಡುವ ಪರೀಕ್ಷೆಗಳು ಸಾಧ್ಯತೆಯನ್ನು ಸೂಚಿಸುತ್ತವೆಯೇ ಹೊರತು ದೃಢಪಡಿಸುವುದಿಲ್ಲ. ದೃಢೀಕರಣಕ್ಕೆ ಸಾಮಾನ್ಯವಾಗಿ 15 ವಾರಗಳ ನಂತರ ಗರ್ಭಜಲದ ಪರೀಕ್ಷೆ ಮಾಡಲಾಗುತ್ತದೆ. ವರ್ಣತಂತು ಪರೀಕ್ಷೆಯಲ್ಲಿ ಲಿಂಗವೂ ತಿಳಿಯುವುದರಿಂದ ಭ್ರೂಣದ ವರದಿಯಲ್ಲಿ ಆ ಭಾಗವನ್ನು ಕುಟುಂಬಕ್ಕೆ ತಿಳಿಸುವುದಿಲ್ಲ. ಕೇಳುವುದೂ ಹೇಳುವುದೂ ಅಪರಾಧ. ವರದಿಯ ಆಧಾರದ ಮೇಲೆ ಮುಂದೇನು ಎಂಬುದು ಗರ್ಭಿಣಿಯ ತೀರ್ಮಾನ. 24 ವಾರಗಳ ನಂತರ ಗಂಭೀರ ಭ್ರೂಣದೋಷದ ಕಾರಣಕ್ಕೆ ಗರ್ಭಪಾತಕ್ಕೆ ಅನುಮತಿ ಬೇಕಾದಲ್ಲಿ 2021ರ ತಿದ್ದುಪಡಿಯಂತೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು.

ಕ್ಯಾನ್ಸರ್ ರೋಗಿಗಳ ವರದಿ

ದೀರ್ಘಕಾಲೀನ ರಕ್ತ ಕ್ಯಾನ್ಸರಿನ ಒಂದು ಬಗೆಯಲ್ಲಿ 9 ಮತ್ತು 22ನೆಯ ವರ್ಣತಂತುಗಳು ತುಣುಕುಗಳನ್ನು ಅದಲುಬದಲು ಮಾಡಿಕೊಂಡಿರುತ್ತವೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯುವವರು ವರದಿಯಲ್ಲಿ ‘ವರ್ಣತಂತುವಿನ ಅಸಹಜತೆ’ ಎಂಬುದನ್ನು ನೋಡಿ ಮಕ್ಕಳಿಗೂ ಬರುವುದೆಂದು ಭಯಪಡುವುದುಂಟು. ಇದು ಹುಟ್ಟಿನಿಂದ ಬಂದುದಲ್ಲ. ರೋಗಿಯ ರಕ್ತಕಣಗಳಲ್ಲಿ ಮಾತ್ರ ನಂತರ ಉಂಟಾದುದು. ಮಕ್ಕಳಿಗೆ ಹೋಗುವುದಿಲ್ಲ.

ಮಗು ಹುಟ್ಟಿದ ನಂತರ

ಡೌನ್ ಸಿಂಡ್ರೋಮ್ ಇರುವ ಶಿಶುಗಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ದೋಷವಿರುತ್ತದೆ. ಹೊರಗೆ ಲಕ್ಷಣ ಕಾಣದಿದ್ದರೂ ಹೃದಯದ ಎಕೋ ಪರೀಕ್ಷೆಯನ್ನು ಮೊದಲ ತಿಂಗಳುಗಳಲ್ಲಿಯೇ ಮಾಡಿಸತಕ್ಕದ್ದು. ಥೈರಾಯ್ಡ್, ಕಿವಿ ಮತ್ತು ಕಣ್ಣಿನ ಪರೀಕ್ಷೆಯನ್ನೂ ಕಾಲಕಾಲಕ್ಕೆ ಮಾಡಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಯಲ್ಲಿ ಡೌನ್ ಸಿಂಡ್ರೋಮ್, ಜನ್ಮಜಾತ ಹೃದಯದೋಷ, ಜನ್ಮಜಾತ ಕಿವುಡುತನ ಸೇರಿವೆ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಭೇಟಿ ನೀಡುವ ತಂಡದವರು, ಅಥವಾ ಗ್ರಾಮದ ಆಶಾ ಕಾರ್ಯಕರ್ತೆಯರು, ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತಾರೆ.

ತಪಾಸಣೆಗೆ ಬರುವಾಗ ತಾಯಿ ಕಾರ್ಡ್, ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಇದುವರೆಗಿನ ಎಲ್ಲ ವರದಿಗಳ ಮೂಲ ಮತ್ತು ನಕಲು ಪ್ರತಿಗಳನ್ನು ತರತಕ್ಕದ್ದು. ವರ್ಣತಂತು ವರದಿಯ ಮೂಲ ಪ್ರತಿಯನ್ನು ಯಾವ ಕಚೇರಿಗೂ ಒಪ್ಪಿಸದೆ ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿರಿ. ಸ್ಥಾನಾಂತರದ ಪ್ರಕರಣವಾಗಿದ್ದಲ್ಲಿ ಮಗುವಿನ ಅಕ್ಕ ಅಥವಾ ಅಣ್ಣನ ಮದುವೆಯ ನಂತರವೂ ಅದು ಬೇಕಾಗುತ್ತದೆ.